ಮರಣ ಪುಸ್ತಕದಲ್ಲಿ ಉಳಿದ ಮಿಲ್ಲು



ನವೆಂಬರ್ 2 ಹತ್ತಿರವಾದಂತೆ ನಮ್ಮ ಊರುಗಳ ಸ್ಮಶಾನಗಳಲ್ಲಿ ಜನರ ಓಡಾಟ ಕಾಣುತ್ತದೆ. ವಾರಕ್ಕೆ ಮೊದಲೇ ಮನೆಯವರು ಬಂದು ಗೋರಿಯ ಸುತ್ತ ಬೆಳೆದ ಹುಲ್ಲು ಕೀಳುತ್ತಾರೆ, ಸುಣ್ಣ ಬಳಿಯುತ್ತಾರೆ, ಕಲ್ಲಿನ ಮೇಲೆ ಮಾಸಿದ ಹೆಸರಿಗೆ ಮತ್ತೆ ಬಣ್ಣ ತುಂಬುತ್ತಾರೆ. ಆ ಸಂಜೆ ಮೇಣದಬತ್ತಿ, ಸೇವಂತಿಗೆ ಹೂವು, ಸಾಂಬ್ರಾಣಿಯ ಹೊಗೆ. ಪವಿತ್ರ ಜಲವನ್ನು ಪ್ರೋಕ್ಷಿಸುತ್ತಾ ನಾವು ಸಾಲುಗಳ ನಡುವೆ ನಡೆಯುವಾಗ "ಫಾದರ್, ಇಲ್ಲಿ ಬನ್ನಿ, ಇದು ನಮ್ಮ ಅಜ್ಜಿಯದು" ಎಂದು ಕರೆಯುತ್ತಾರೆ. ಕರೆದವರ ಕಡೆಗೆ ಹೋಗುತ್ತೇವೆ. ಆದರೆ ಕರೆಯುವವರು ಯಾರೂ ಇಲ್ಲದ ಮಣ್ಣಿನ ದಿಬ್ಬಗಳೂ ನಡುವೆ ಇವೆ. ಅವುಗಳಿಗೆ ಕಲ್ಲಿಲ್ಲ, ಹೆಸರಿಲ್ಲ. ಅಂತಹವರಲ್ಲಿ ಕೆಲವರ ಹೆಸರು ಎಲ್ಲಿ ಉಳಿದಿದೆ ಎಂಬುದನ್ನು ಈ ಬಾರಿ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದ ಕಡೆಯ ಒಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಪವರ್‌ಲೂಮ್‌ನಲ್ಲಿ ಸೀರೆ ನೇಯುವವರು. "ಫಾದರ್, ನಮ್ಮ ತಾಯಿಯ ತಂದೆ ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದುಬಿಟ್ಟರು. ತಾತನನ್ನು ಎಲ್ಲಿ ಮಣ್ಣು ಮಾಡಿದರೋ ನಮಗೆ ಗೊತ್ತಿಲ್ಲ. ಅಮ್ಮನಿಗೆ ಎಂಬತ್ತು ದಾಟಿದೆ. ಸಾಯೋದರೊಳಗೆ ಅಪ್ಪನಿಗೆ ಒಂದು ಬತ್ತಿ ಹಚ್ಚಬೇಕು ಅಂತ ಹಟ ಹಿಡಿದಿದ್ದಾರೆ" ಎಂದರು.

ನಗರದ ಒಂದು ಹಳೆಯ ಧರ್ಮಕೇಂದ್ರದ ಗುರುಗಳ ಅನುಮತಿ ಪಡೆದು, ಅಲ್ಲಿಯ ಮರಣ ಪುಸ್ತಕಗಳನ್ನು ತಿರುವಿ ಹಾಕಿದೆವು. ಮನೆಯವರು ಹೇಳಿದ ಹೆಸರು ಸಿಗಲಿಲ್ಲ. "ಇಲ್ಲಪ್ಪ, ಆ ಹೆಸರಿನವರು ಯಾರೂ ಇಲ್ಲ" ಎಂದು ಹೇಳಿ ಕಳುಹಿಸಿಬಿಟ್ಟೆವು. ತಪ್ಪು ನಮ್ಮದೇ ಆಗಿತ್ತು. ಅದೇನೆಂದು ಮುಂದೆ ಹೇಳುತ್ತೇವೆ.

ಸಾವಿನ ಬರಹವೇ ಮೊದಲ ಬರಹ

ಪವಿತ್ರ ಗ್ರಂಥದಲ್ಲಿ ಅಬ್ರಹಾಮನಿಗೆ ದೇವರು ಇಡೀ ನಾಡನ್ನೇ ವಾಗ್ದಾನ ಮಾಡಿದರು. ಆದರೆ ಅವನು ಹಣ ಕೊಟ್ಟು ತನ್ನದಾಗಿಸಿಕೊಂಡ ಮೊದಲ ನೆಲ ಯಾವುದು? ಹೆಂಡತಿ ಸಾರಾಳನ್ನು ಮಣ್ಣು ಮಾಡಲು ಕೊಂಡ ಮಕ್ಪೇಲದ ಗುಹೆ. ಹಿತ್ತಿಯನಾದ ಎಫ್ರೋನನು ಸುಮ್ಮನೆ ತೆಗೆದುಕೋ ಎಂದರೂ ಅಬ್ರಹಾಮ ಒಪ್ಪಲಿಲ್ಲ. ಊರಬಾಗಿಲಲ್ಲಿ ಸಾಕ್ಷಿಗಳ ಎದುರು 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟ. ಹೊಲ, ಗುಹೆ, ಗಡಿಯೊಳಗಿನ ಮರಗಳು ಎಲ್ಲವನ್ನೂ ಆದಿಕಾಂಡದ 23ನೇ ಅಧ್ಯಾಯವು ನಮ್ಮ ಕ್ರಯಪತ್ರದ ಚಕ್ಕುಬಂದಿಯಂತೆ ಎಣಿಸಿ ಹೇಳುತ್ತದೆ. ಸತ್ತವರಿಗೆ ಒಂದು ಗುರುತಿನ ಜಾಗ ಇರಬೇಕು, ಅದು ದಾಖಲೆಯಲ್ಲಿಯೂ ಇರಬೇಕು ಎಂಬ ಆಸೆ ಅಷ್ಟು ಹಳೆಯದು.

ನಮ್ಮ ನಾಡಿನದೂ ಇದೇ ಕಥೆ. ಬೆಂಗಳೂರು ಎಂಬ ಹೆಸರು ಮೊಟ್ಟಮೊದಲು ಕಾಣಿಸುವುದು ಬೇಗೂರಿನ ಒಂದು ಕಲ್ಲಿನ ಮೇಲೆ. ಸುಮಾರು ಕ್ರಿ.ಶ. 890ರ ಆ ಶಾಸನ ನಗರದ ವೈಭವವನ್ನು ಹೇಳುವುದಿಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯವರು ಸತ್ತ ಸುದ್ದಿಯನ್ನು ಹೇಳುತ್ತದೆ. ಹಾಗಾಗಿ ನಮ್ಮ ಮಹಾನಗರದ ಹೆಸರು ಉಳಿದು ಬಂದದ್ದೇ ಒಂದು ಮರಣ ದಾಖಲೆಯಿಂದ! ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳಿವೆ. ಊರ ದನಗಳನ್ನು ಕಾಯಲು ಹೋಗಿ ಸತ್ತವನಿಗೂ ವೀರಗಲ್ಲು ನೆಟ್ಟ ನಾಡು ನಮ್ಮದು. ಅಂತಹ ನಾಡಿನಲ್ಲಿ, ಮಗ್ಗದ ಮುಂದೆ ನಿಂತು ಸವೆದು ಸತ್ತವರಿಗೆ ಯಾರು ಕಲ್ಲು ನೆಟ್ಟರು?

ಬರಗಾಲದ ನಂತರ ಬಂದ ಮಿಲ್ಲು

ನೇಯ್ಗೆ ಈ ಸೀಮೆಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ನೇಕಾರರ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಯಾವ ಜಾತಿಯವರು ಯಾವ ಬಟ್ಟೆ ನೇಯುತ್ತಾರೆ, ನೂಲು ಎಲ್ಲಿಂದ ಬರುತ್ತದೆ, ಬಣ್ಣ ಹೇಗೆ ಹಾಕುತ್ತಾರೆ ಎಂಬುದೆಲ್ಲ ಅವನ ಬರಹದಲ್ಲಿದೆ. ಅಂದಿನ ಮಗ್ಗ ಮನೆಯೊಳಗೇ ಇತ್ತು. ಗಂಡ ನೇಯುತ್ತಿದ್ದ, ಹೆಂಡತಿ ನೂಲು ಸುತ್ತುತ್ತಿದ್ದಳು.

ಆ ಮಗ್ಗಕ್ಕೆ ಎರಡು ಪೆಟ್ಟು ಬಿದ್ದವು. ಒಂದು, ಇಂಗ್ಲೆಂಡಿನ ಯಂತ್ರದ ನೂಲು ಮತ್ತು ಬಟ್ಟೆ. ಎರಡನೆಯದು 1876–78ರ ಭೀಕರ ಬರಗಾಲ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ 8 ಲಕ್ಷಕ್ಕೂ ಹೆಚ್ಚು ಕಡಿಮೆಯಾದರು. ಸತ್ತವರ ಹೆಸರು ಕೇಳಬೇಡಿ. ದಾರಿಯ ಬದಿಯಲ್ಲಿ ಬಿದ್ದವರನ್ನು ಬರೆದಿಟ್ಟವರು ಯಾರು?

ಬರದ ಗಾಯ ಇನ್ನೂ ಹಸಿಯಾಗಿದ್ದಾಗಲೇ, 1884ರಲ್ಲಿ, ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಮಿಲ್ಲು ಸ್ಥಾಪನೆಯಾಯಿತು. ಎರಡು ವರ್ಷಗಳಲ್ಲಿ ಅದರ ಆಡಳಿತ ಮದ್ರಾಸಿನ ಬಿನ್ನಿ ಕಂಪನಿಯ ಕೈಗೆ ಬಂತು. ಜನರ ಬಾಯಲ್ಲಿ ಅದು ಬಿನ್ನಿ ಮಿಲ್ಲೇ ಆಯಿತು. ಬಿನ್ನಿಪೇಟೆ ಎಂಬ ಬಡಾವಣೆಗೂ ಹೆಸರು ಕೊಟ್ಟಿತು. ಮಲ್ಲೇಶ್ವರದ ಬದಿಯಲ್ಲಿ ರಾಜಾ ಮಿಲ್ಲು, ಆಮೇಲೆ ಮಿನರ್ವಾ ಮಿಲ್ಲು ಬಂದವು. 1890ರ ದಶಕದಲ್ಲಿ ದೊಡ್ಡಬಳ್ಳಾಪುರದ ಮೂಲಕ ಹಿಂದೂಪುರದ ಕಡೆಗೆ ರೈಲು ಓಡಿತು. 1915ರಲ್ಲಿ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಪುಟ್ಟ ರೈಲು ಬಂತು. ಮಳೆ ಕೈಕೊಟ್ಟ ಹಳ್ಳಿಯವನಿಗೆ ನಗರದ ಮಿಲ್ಲಿನ ಕೂಗು ಹತ್ತಿರವಾಯಿತು.

ಮಿಲ್ಲಿನೊಳಗೆ ಹೋದವನಿಗೆ ಮೊದಲು ಸಿಗುತ್ತಿದ್ದುದು ಒಂದು ನಂಬರು. ಹಾಜರಿ, ಕೂಲಿ, ದಂಡ ಎಲ್ಲವೂ ಆ ನಂಬರಿಗೆ. ಹತ್ತಿಯ ದೂಳು ಶ್ವಾಸಕೋಶದಲ್ಲಿ ಕೂತು ಉಸಿರು ಕಟ್ಟಿಸುವ ರೋಗವೊಂದಿದೆ. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದಾಗ ಅದರ ಕಾಟ ಹೆಚ್ಚಾದ್ದರಿಂದ ಅದಕ್ಕೆ ಸೋಮವಾರದ ಜ್ವರ ಎಂಬ ಹೆಸರೇ ಬಿತ್ತು. ಕೆಮ್ಮಿ ಕೆಮ್ಮಿ ಸತ್ತ ಮಿಲ್ಲಿನವನ ಹೆಸರಿನ ಮುಂದೆ 'ಕ್ಷಯ' ಎಂದಿದ್ದರೆ, ಅದು ಕ್ಷಯವೋ ಹತ್ತಿಯ ದೂಳೋ ಎಂದು ಇಂದು ಓದುವವರು ಒಂದು ಕ್ಷಣ ಯೋಚಿಸಬೇಕು.

ಮಿಲ್ಲು ಹುಟ್ಟಿ ಏಳು ವರ್ಷಗಳಿಗೆ, 1891ರ ಮೇ 15ರಂದು, ಜಗದ್ಗುರು ಹದಿಮೂರನೇ ಲಿಯೋರವರು 'ರೇರುಂ ನೊವಾರುಂ' ಎಂಬ ವಿಶ್ವಪತ್ರದಲ್ಲಿ ಕಾರ್ಮಿಕನಿಗೆ ನ್ಯಾಯವಾದ ಕೂಲಿ, ವಿಶ್ರಾಂತಿ, ಸಂಘಟನೆಯ ಹಕ್ಕು ಇವೆ ಎಂದು ಸಾರಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಆರಿಸಿಕೊಳ್ಳಲು ಇದೇ ಪತ್ರವೂ ಒಂದು ಕಾರಣ ಎಂದಿದ್ದಾರೆ. ಕಾರ್ಮಿಕನು ನಂಬರಲ್ಲ, ಮನುಷ್ಯ ಎಂಬುದೇ ಅದರ ಸಾರ. ದೊಡ್ಡ ಮಾತುಗಳ ಆ ಪತ್ರ ನಮ್ಮ ಹಳ್ಳಿಗಳಿಗೆ ತಲುಪಿತೋ ಇಲ್ಲವೋ, ಅದೇ ಸತ್ಯವನ್ನು ಒಂದು ಸಾಧಾರಣ ಪುಸ್ತಕ ಸದ್ದಿಲ್ಲದೆ ಪಾಲಿಸುತ್ತಿತ್ತು.

ಆ ಪುಸ್ತಕ ಯಾವುದು?

ಅದೇ ಧರ್ಮಕೇಂದ್ರದ ಮರಣ ಪುಸ್ತಕ. 1614ರ ರೋಮನ್ ಸಂಸ್ಕಾರ ಗ್ರಂಥವು ಜ್ಞಾನಸ್ನಾನ, ವಿವಾಹ ಮೊದಲಾದವುಗಳ ಜೊತೆಗೆ ಸತ್ತವರಿಗೂ ಒಂದು ಪುಸ್ತಕ ಇಡಬೇಕೆಂದು ಗುರುಗಳಿಗೆ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ಪ್ರತಿಯೊಂದು ಧರ್ಮಕೇಂದ್ರವೂ ಮರಣ ಪುಸ್ತಕವನ್ನು ಇಡಬೇಕು, ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕು ಎನ್ನುತ್ತದೆ. ಮಣ್ಣು ಮಾಡಿದ ನಂತರ ಅದನ್ನು ಪುಸ್ತಕದಲ್ಲಿ ಬರೆಯಬೇಕೆಂದು 1182ನೇ ವಿಧಿ ಹೇಳುತ್ತದೆ. ಸತ್ತ ದಿನ, ಮಣ್ಣು ಮಾಡಿದ ದಿನ, ಹೆಸರು, ವಯಸ್ಸು, ತಂದೆ ಅಥವಾ ಗಂಡ ಅಥವಾ ಹೆಂಡತಿಯ ಹೆಸರು, ಊರು, ಕಡೆಯ ಸಂಸ್ಕಾರಗಳು ದೊರೆತವೇ ಇಲ್ಲವೇ, ಗುರುಗಳ ಸಹಿ. ಒಂದೇ ಸಾಲು. ಮಿಲ್ಲಿನ ಮಾಲೀಕ ಸತ್ತರೂ ಒಂದೇ ಸಾಲು, ಕಸ ಗುಡಿಸುವವಳು ಸತ್ತರೂ ಒಂದೇ ಸಾಲು.

ಈ ಪುಸ್ತಕವನ್ನು ಓದಲು ಕಲಿತವರಿಗೆ ಊರಿನ ಚರಿತ್ರೆ ಕಾಣಿಸುತ್ತದೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. 1918ರ ಕೊನೆಯಲ್ಲಿ ಇನ್‌ಫ್ಲೂಯೆಂಜಾ ಬಂತು. ಅಂತಹ ಕಾಲದ ಪುಟಗಳಲ್ಲಿ ದಿನಾಂಕಗಳು ಒತ್ತೊತ್ತಾಗಿ ಬರುತ್ತವೆ. ಒಂದೇ ಮನೆಯ ಹೆಸರುಗಳು ಕೆಳಗೆ ಮೇಲೆ ನಿಲ್ಲುತ್ತವೆ. 2020–21ರ ಕೋವಿಡ್ ಕಾಲದಲ್ಲಿ, ಬೆರಳೆಣಿಕೆಯ ಜನರೊಂದಿಗೆ ನಿಂತು ಮಣ್ಣು ಮಾಡಿ ಬಂದು ಪುಸ್ತಕ ತೆರೆದಾಗ, ಆ ಹಳೆಯ ಗುರುಗಳ ಕೈಬರಹ ಏಕೆ ನಡುಗಿತ್ತೆಂದು ನಮಗೆ ಅರ್ಥವಾಯಿತು.

ಇನ್ನೊಂದು ವಿಷಯವನ್ನು ಗಮನಿಸಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಸತ್ತ ಯೂರೋಪಿಯನ್ನರ ಸಂಸ್ಕಾರದ ವಿವರಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂದು ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರ ಗೋರಿಗಳನ್ನು ಗುರುತಿಸಿ ಕಾಪಾಡಲು 1976ರಲ್ಲಿ ಒಂದು ಸಂಘವೇ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ಗೋರಿಗಳಿಗಾಗಿ 1917ರಲ್ಲಿ ಪ್ರತ್ಯೇಕ ಆಯೋಗ ರಚನೆಯಾಯಿತು. ಒಳ್ಳೆಯದೇ ಆಯಿತು. ಆದರೆ ಆ ಸೈನಿಕರು ಹೊದ್ದ ಕಂಬಳಿಗಳನ್ನು ನೇಯ್ದವರ ವಿವರದ ಎರಡನೇ ಪ್ರತಿ ಎಲ್ಲಿಗೂ ಹೋಗಲಿಲ್ಲ. ಅವರದು ಒಂದೇ ಪ್ರತಿ. ಅದು ನಮ್ಮ ಧರ್ಮಕೇಂದ್ರದ ಬೀರುವಿನಲ್ಲಿದೆ. ಅದಕ್ಕೆ ಗೆದ್ದಲು ಹತ್ತಿದರೆ, ಆ ಮನುಷ್ಯನು ಬದುಕಿದ್ದ ಎಂಬುದಕ್ಕೆ ಬೇರೆ ಸಾಕ್ಷಿಯೇ ಇಲ್ಲದೆ ಹೋಗಬಹುದು.

ಒಬ್ಬನಿಗೆ ಮೂರು ಹೆಸರು

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರೋಣ. ಆ ನೇಕಾರರನ್ನು ಬರಿಗೈಯಲ್ಲಿ ಕಳುಹಿಸಿ ಒಂದು ವಾರವಾಗಿತ್ತು. ಸೆಮಿನರಿಯಲ್ಲಿ ಹೊಡೆಸಿಕೊಂಡು ಕಲಿತ ಲ್ಯಾಟಿನ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೈಹಿಡಿಯಿತು. ಹಳೆಯ ಗುರುಗಳು ಬರೆಯುತ್ತಿದ್ದುದು ಲ್ಯಾಟಿನ್‌ನಲ್ಲಲ್ಲವೇ? ಹಾಗಿದ್ದ ಮೇಲೆ ಮನೆಯ ಹೆಸರು ಅಲ್ಲಿ ಹೇಗೆ ಸಿಕ್ಕೀತು?

ನಮ್ಮ ಹಿರಿಯರ ಹೆಸರುಗಳನ್ನು ನೋಡಿ. ಮನೆಯಲ್ಲಿ ರಾಯಪ್ಪ, ಪುಸ್ತಕದಲ್ಲಿ ಪೇತ್ರುಸ್. ಮನೆಯಲ್ಲಿ ಚಿನ್ನಪ್ಪ, ಪುಸ್ತಕದಲ್ಲಿ ಪೌಲುಸ್. ಅರುಳಪ್ಪ ಅಲ್ಲಿ ಯೊವಾನ್ನೆಸ್, ಇನ್ನಾಸಪ್ಪ ಅಲ್ಲಿ ಇಗ್ನಾಸಿಯುಸ್, ಜೋಜಪ್ಪ ಯೋಸೆಫುಸ್. ಚೌರಪ್ಪನನ್ನು ಹುಡುಕುವವರು ಫ್ರಾನ್ಸಿಸ್ಕುಸ್ ಕ್ಸವೇರಿಯುಸ್ ಎಂಬಲ್ಲಿ ನೋಡಬೇಕು. ಇದು ಸಾಲದೆಂಬಂತೆ ಮಿಲ್ಲಿನ ಗುಮಾಸ್ತ ಇಂಗ್ಲಿಷಿನಲ್ಲಿ ತನಗೆ ಕೇಳಿಸಿದಂತೆ ಬರೆದುಕೊಂಡ ಮೂರನೆಯ ಹೆಸರು ಬೇರೆ. ಮೂರು ಹೆಸರಿನ ಆ ಮನುಷ್ಯ ಒಬ್ಬನೇ ಎಂದು ತಿಳಿದಿದ್ದವಳು ಅವನ ಹೆಂಡತಿ ಮಾತ್ರ.

ಮತ್ತೆ ಹೋಗಿ ಹುಡುಕಿದೆವು. ಸಿಕ್ಕಿತು. ಲ್ಯಾಟಿನ್ ಹೆಸರು, ಪಕ್ಕದಲ್ಲಿ ಹೆಂಡತಿಯ ಹೆಸರು, ಹುಟ್ಟೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಅದೇ ಹಳ್ಳಿ, ಎಲ್ಲವೂ ತಾಳೆಯಾದವು. ವಯಸ್ಸು ಮೂವತ್ತೆರಡು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಗುರುಗಳು 'ಮಿಲ್ಲು' ಎಂದು ಗುರುತು ಹಾಕಿದ್ದರು. ಯಾರೂ ಕೇಳದಿದ್ದರೂ ಬರೆದಿದ್ದ ಆ ಒಂದು ಪದ ಕಂಡಾಗ ನಮ್ಮ ಕಣ್ಣು ತುಂಬಿ ಬಂತು.

ಸ್ಮಶಾನದ ಹೆಸರಿತ್ತು, ಗುಂಡಿಯ ಗುರುತು ಇರಲಿಲ್ಲ. ಜಾಗದ ಅಭಾವದಿಂದ ನಗರದ ಸ್ಮಶಾನಗಳಲ್ಲಿ ಒಬ್ಬರ ಮೇಲೊಬ್ಬರನ್ನು ಮಣ್ಣು ಮಾಡುವುದು ರೂಢಿ. ಆ ಸಾಲಿನಲ್ಲಿ ಈಗ ಬೇರೆಯವರ ಕಲ್ಲುಗಳಿದ್ದವು. ನವೆಂಬರ್ 2ರಂದು ಮಗ ತಾಯಿಯನ್ನು ಕರೆತಂದರು. ಆ ಹಿರಿಯ ತಾಯಿ ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿದರು. ಪುಸ್ತಕದ ಆ ಸಾಲನ್ನು ನಾವು ಓದಿ ಹೇಳಿದೆವು. ವಯಸ್ಸು ಕೇಳಿದಾಗ ಅವರು, "ಮೂವತ್ತೆರಡೇ? ನನ್ನ ಮೊಮ್ಮಗನಿಗಿಂತ ಚಿಕ್ಕೋನು ನಮ್ಮಪ್ಪ" ಎಂದರು. ಮತ್ತೇನೂ ಹೇಳಲಿಲ್ಲ.

ಗೋಡೆ ಬಿದ್ದ ಮೇಲೆ

ಆ ಮಿಲ್ಲುಗಳು ಇಂದು ಏನಾಗಿವೆ? ರಾಜಾ ಮಿಲ್ಲಿದ್ದ ಜಾಗದಲ್ಲಿ 2010ರಲ್ಲಿ ದೊಡ್ಡ ಮಾಲ್ ತೆರೆಯಿತು. ಬಿನ್ನಿ ಮಿಲ್ಲಿನ ನೆಲದಲ್ಲಿ ಬಹುಮಹಡಿ ವಸತಿಗಳು ಎದ್ದಿವೆ. ಮಿನರ್ವಾ ಮಿಲ್ಲಿನ ಆಡಳಿತವನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡಿತು, 1974ರ ಕಾಯಿದೆಯಿಂದ ರಾಷ್ಟ್ರೀಕರಿಸಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1980ರ ಜುಲೈ 31ರಂದು ಸುಪ್ರೀಂ ಕೋರ್ಟು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ ತತ್ವವನ್ನು ಗಟ್ಟಿಗೊಳಿಸಿತು. ಕಾನೂನು ಓದುವ ಮಕ್ಕಳೆಲ್ಲ ಇಂದಿಗೂ ಮಿನರ್ವಾ ಮಿಲ್ಲಿನ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅಲ್ಲಿ ಮಗ್ಗ ನಡೆಸಿದ ಒಬ್ಬ ಕಾರ್ಮಿಕನ ಹೆಸರು ಹೇಳಿ ಎಂದರೆ ಯಾರಿಗೂ ಬಾರದು.

ನೇಯ್ಗೆ ಮಾತ್ರ ನಿಂತಿಲ್ಲ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಪವರ್‌ಲೂಮ್‌ನ ಸದ್ದು ಇಂದಿಗೂ ಹಗಲುರಾತ್ರಿ ಕೇಳಿಸುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಆ ಸದ್ದು ನಿಂತಾಗ ಒಲೆಗಳೂ ಆರಿದ್ದವು. ತಾಲ್ಲೂಕಿನಲ್ಲಿ ಅಪಾರೆಲ್ ಪಾರ್ಕ್ ಬಂದಿದೆ. ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದು, ಆ ನಿಯಮವನ್ನೇ ಹಿಂತೆಗೆಯುವಂತೆ ಮಾಡಿದವರು ಇಂತಹ ಹೆಣ್ಣುಮಕ್ಕಳೇ. ಇವರ ಹೆಸರು ಎಲ್ಲಿ ಉಳಿಯುತ್ತದೆ? ಕಾರ್ಖಾನೆಯ ಕಂಪ್ಯೂಟರಿನಲ್ಲಿ ಇವರೂ ಒಂದು ನಂಬರೇ.

ನಾವು ಮಾಡಬಹುದಾದದ್ದು

1969ರ ಜನನ ಮರಣ ನೋಂದಣಿ ಕಾಯಿದೆ ಬಂದ ಮೇಲೆ ಸಾವಿನ ಪ್ರಮಾಣಪತ್ರವನ್ನು ಸರ್ಕಾರವೇ ಕೊಡುತ್ತದೆ. ಹಾಗಿದ್ದ ಮೇಲೆ ಚರ್ಚಿನ ಪುಸ್ತಕವೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಮಾಣಪತ್ರ ಆಸ್ತಿಗೆ, ಪಿಂಚಣಿಗೆ ಬೇಕು, ನಿಜ. ಕುಟುಂಬದ ನೆನಪಿಗೆ ಪುಸ್ತಕ ಬೇಕು. ಆದ್ದರಿಂದ ಈ ನವೆಂಬರಿನಲ್ಲಿ ಮೂರು ಕೆಲಸಗಳನ್ನು ಮಾಡೋಣ.

ಮೊದಲನೆಯದು, ಪ್ರತಿಯೊಂದು ಮನೆಯಲ್ಲಿ ಒಂದು ನೋಟುಪುಸ್ತಕ ಇಡಿ. ತಾತ, ಅಜ್ಜಿ, ಮುತ್ತಾತನ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಜ್ಞಾನಸ್ನಾನದ ಹೆಸರು, ಹುಟ್ಟೂರು, ಮಾಡುತ್ತಿದ್ದ ಕೆಲಸ, ಮಣ್ಣು ಮಾಡಿದ ಜಾಗ ಬರೆಯಿರಿ. ಹಳೆಯ ಮಿಲ್ಲಿನ ಗುರುತಿನ ಚೀಟಿ, ಬಿಲ್ಲೆ, ಫೋಟೋ ಇದ್ದರೆ ಗುಜರಿಗೆ ಹಾಕಬೇಡಿ. ಮನೆಯ ಹಿರಿಯರನ್ನು ಈ ವಾರವೇ ಕೇಳಿ. ಮುಂದಿನ ವರ್ಷಕ್ಕೆಂದು ತಳ್ಳಬೇಡಿ.

ಎರಡನೆಯದು, ಸ್ಮಶಾನ ಶುದ್ಧಿಗೆ ಬರುವ ಯುವಕರು ಕುಡುಗೋಲಿನ ಜೊತೆ ಮೊಬೈಲನ್ನೂ ಕೆಲಸಕ್ಕೆ ಹಚ್ಚಲಿ. ಅಳಿಸಿಹೋಗುತ್ತಿರುವ ಪ್ರತಿಯೊಂದು ಕಲ್ಲಿನ ಫೋಟೋ ತೆಗೆದು, ಸಾಲಿನ ಲೆಕ್ಕ ಬರೆದು ಧರ್ಮಕೇಂದ್ರಕ್ಕೆ ಕೊಡಲಿ. ಹಳೆಯ ಗೋರಿಯನ್ನು ಮತ್ತೆ ಅಗೆಯುವ ಮೊದಲು ಆ ಹೆಸರು ಎಲ್ಲಾದರೂ ದಾಖಲಾಗಿದೆಯೇ ಎಂದು ನೋಡೋಣ.

ಮೂರನೆಯದು ನಮ್ಮಂತಹ ಗುರುಗಳಿಗೆ. ಪುಸ್ತಕದ ಪುಟಗಳನ್ನು ಚಿತ್ರೀಕರಿಸಿ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡೋಣ. ಜೊತೆಗೆ, ಮಣ್ಣು ಮಾಡಿ ಬಂದ ದಿನ ಸುಸ್ತಾಗಿದ್ದರೂ ಅಂಚಿನಲ್ಲಿ ಒಂದು ಪದ ಹೆಚ್ಚು ಬರೆಯೋಣ: ನೇಕಾರ, ಗಾರ್ಮೆಂಟ್ಸ್, ಗಾರೆ ಕೆಲಸ, ದ್ರಾಕ್ಷಿ ತೋಟ, ಅಂಗನವಾಡಿ. ಎಂಬತ್ತು ವರ್ಷಗಳ ನಂತರ ಯಾರೋ ಒಬ್ಬ ಮಗಳು ಆ ಪದವನ್ನು ಹುಡುಕಿಕೊಂಡು ಬರಬಹುದು.

ಸಕಲ ಮೃತರ ಸ್ಮರಣೆಯ ದಿನವನ್ನು ಸುಮಾರು 998ರಲ್ಲಿ ಆರಂಭಿಸಿದವರು ಕ್ಲೂನಿ ಮಠದ ಸಂತ ಒಡಿಲೋ. ಅಂದಿನ ಮಠಗಳಲ್ಲಿ ಸತ್ತವರ ಹೆಸರುಗಳ ಪುಸ್ತಕವನ್ನಿಟ್ಟು, ಆಯಾ ದಿನ ಆಯಾ ಹೆಸರನ್ನು ಓದಿ ಪ್ರಾರ್ಥಿಸುತ್ತಿದ್ದರು. ಹೆಸರಿಟ್ಟು ಪ್ರಾರ್ಥಿಸುವುದು ಅಂದಿನಿಂದ ಬಂದ ಪದ್ಧತಿ.

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಜೊಪ್ಪ ಊರಿನ ತಬಿಥಾ ಎಂಬ ಭಕ್ತೆ ಸಾಯುತ್ತಾಳೆ. ಪೇತ್ರರು ಮಾಳಿಗೆಗೆ ಬಂದಾಗ ವಿಧವೆಯರು ಅಳುತ್ತಾ, ಅವಳು ತಮ್ಮೊಡನೆ ಇದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಡುಪುಗಳನ್ನೂ ಒಂದೊಂದಾಗಿ ತೋರಿಸುತ್ತಾರೆ. ಅವರ ಬಳಿ ಅವಳ ಬಗ್ಗೆ ಹೇಳಲು ಬೇರೆ ಪತ್ರವಿರಲಿಲ್ಲ, ಬಟ್ಟೆಯೇ ಸಾಕ್ಷಿಯಾಗಿತ್ತು. ನಮ್ಮ ಮಿಲ್ಲಿನ ಹಿರಿಯರು ನೇಯ್ದ ಬಟ್ಟೆ ಎಂದೋ ಹರಿದು ಹೋಗಿದೆ, ಮಿಲ್ಲಿನ ಗೋಡೆಯೂ ಹೋಗಿದೆ. ಉಳಿದಿರುವುದು ಪುಸ್ತಕದ ಆ ಒಂದು ಸಾಲು. ಈ ನವೆಂಬರಿನಲ್ಲಿ ನಮ್ಮ ಧರ್ಮಕೇಂದ್ರದಲ್ಲಿ ಆ ಪುಸ್ತಕವನ್ನು ಪೀಠದ ಬಳಿ ಇಟ್ಟು, ಪ್ರತಿ ಸಂಜೆ ಬಲಿಪೂಜೆಯಲ್ಲಿ ಒಂದು ಪುಟದ ಹೆಸರುಗಳನ್ನು ಗಟ್ಟಿಯಾಗಿ ಓದಲಿದ್ದೇವೆ. ನಿಮ್ಮ ಮನೆಯವರ ಹೆಸರು ಇರಲಿ, ಇಲ್ಲದಿರಲಿ, ಬಂದು ಕೇಳಿಸಿಕೊಳ್ಳಿ.

ಮೃತರಿಗೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.